ತಮ್ಮ ಕೇಳಿ ಪಡೆದ ಜಗಳ

ರಿಪೋರ್ಟ್ ಬರುವ ಹಿಂದಿನ ದಿನವೂ ನಾನು ಮತ್ತು ತಮ್ಮ ಶರಣಪ್ಪ ಗಜೇಂದ್ರಗಡದ ನಮ್ಮ ಮನೆಯಲ್ಲಿ ಬೈಕಿನ ಕೀಲಿಗಾಗಿ ಕೂಗಾಡಿದ್ದೆವು. ಜಗಳದಲ್ಲಿ ನಾನು ನುರಿತವನೆಂಬ ಹೆಮ್ಮೆ ನನಗಿತ್ತು.

ರಿಪೋರ್ಟಿನಲ್ಲಿ ತಮ್ಮನಿಗೆ ರಕ್ತದ ಕ್ಯಾನ್ಸರ್ ಎಂದಿತ್ತು. ಅವನಿಗೆ ಇಪ್ಪತ್ತಮೂರು ವರ್ಷ. ಮರುದಿನದಿಂದ ಮನೆಮಂದಿಯೆಲ್ಲ ಸಭ್ಯರಾದೆವು. ನಾನಂತೂ, "ಬೈಕ್ ಒಯ್ತೀಯೇನಪಾ?" ಎಂದು ಕೇಳತೊಡಗಿದೆ. ನಿಲ್ಲಲೂ ಆಗದವನಿಗೆ ಬೈಕು!

ಮೂರನೇ ಕೀಮೋ ಮುಗಿಸಿ ಬಂದವನು ಹೇಳಿದ: "ಅಣ್ಣಾ, ನೀವೆಲ್ಲಾರೂ ನನ್ನ ಈಗ ಫೋಟೋದಾಗ ಕುಂದ್ರಿಸೀರಿ. ಒಮ್ಮಿ ಮೊದಲಿನಂಗ ಬೈಯೋ."

"ಯಾವ ವಿಷಯಕ್ಕ?"

"ಅದನ್ನೂ ನಾನ ಹೇಳ್ಬೇಕೇನು? ಹೊಲದ್ದು ತಗಿ."

ಜಗಳ ಸಹಜವಾಗಿ ಮೂಡಿಬರಲಿ ಎಂಬ ಕಲಾತ್ಮಕ ಉದ್ದೇಶದಿಂದ ಹೆಂಡತಿಗೂ ಹೇಳಲಿಲ್ಲ. ಮರುದಿನ ಮುಂಜಾನೆ ಹತ್ತಕ್ಕೆ ಶುಭಾರಂಭ ಮಾಡಿದೆ.

"ಹೊಲದಾಗ ನಿನಗ ಒಂದು ಗೇಣೂ ಕೊಡಂಗಿಲ್ಲ!"

ಬಾಗಿಲು ತೆರೆದಿತ್ತು. ಪಕ್ಕದ ಮನೆಯ ದಿಲ್ಶಾದ್ ಚಾಚಿ ಓಡಿಬಂದರು.

"ಯಾ ಅಲ್ಲಾ! ಬ್ಯಾನಿ ಬಿದ್ದ ಹುಡುಗನ ಪಾಲು ನುಂಗ್ತೀಯೇನೋ?"

"ಚಾಚಿ, ಇದು ಸುಳ್ಳ ಜಗಳ ಐತ್ರಿ!"

"ಸಿಕ್ಕಿಬಿದ್ದವರೆಲ್ಲಾ ಹಿಂಗ ಅಂತಾರ."

ತಮ್ಮನತ್ತ ನೋಡಿದೆ. ಅವನು ಮುಖದ ಮೇಲೆ ಚಾದರ ಎಳೆದುಕೊಂಡಿದ್ದ. ನಗುವಿಗೆ ಭುಜ ಕುಲುಕುತ್ತಿತ್ತು. ಹುಡುಗ ಅಳುತ್ತಿದ್ದಾನೆಂದು ಚಾಚಿ ಕಣ್ಣೊರೆಸಿಕೊಂಡು, ಬೆಳವಣಕಿಯಲ್ಲಿದ್ದ ನಮ್ಮ ಸೋದರಮಾವನಿಗೆ ಫೋನ್ ಮಾಡಿದರು.

ಮಧ್ಯಾಹ್ನ ಮಾವ ಇಬ್ಬರು ಹಿರಿಯರೊಂದಿಗೆ ಬಂದಿಳಿದ. ಹೆಂಡತಿ ಎಲ್ಲರಿಗೂ ಚಹಾ ಕೊಟ್ಟಳು, ನನ್ನ ಹೊರತು.

"ಯಾಕಪಾ, ಅವಾ ಸಾಯೂತನಕ ತಡಿಯಾಕ ಆಗ್ಲಿಲ್ಲೇನು?" ಎಂದ ಮಾವ.

ಆ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಶರಣಪ್ಪನೇ ಬಾಯಿ ಬಿಟ್ಟ.

"ಮಾವ, ಇನ್ನ ಮ್ಯಾಲೆ ಬೈಯಂಗಿಲ್ಲಂತ ಬರಸ್ಕೋರಿ ಅವನ ಕಡಿಂದ!"

ಬರೆಸಿಕೊಂಡರು. ಸದರಿ ತಮ್ಮನೊಡನೆ ಯಾವ ಕಾರಣಕ್ಕೂ ಎತ್ತರದ ದನಿಯಲ್ಲಿ ಮಾತನಾಡತಕ್ಕದ್ದಲ್ಲ ಎಂಬ ಪತ್ರಕ್ಕೆ, ಇಬ್ಬರು ಹಿರಿಯರ ಸಾಕ್ಷಿಯಲ್ಲಿ, ನಾನು ಸಹಿ ಹಾಕಿದೆ. ಅವನು ಕೇಳಿದ್ದೇ ಒಂದು ಜಗಳ. ಅದನ್ನೂ ಕಾಯಂ ಬಂದ್ ಮಾಡಿಸಿದ ಶೂರ ನಾನು!

ಅವರೆಲ್ಲ ಹೋದ ಮೇಲೆ ಅವನು ಎರಡು ರೊಟ್ಟಿ ತಿಂದ. ಎಷ್ಟೋ ದಿನಗಳ ನಂತರ.

"ಮಾವಗ ಖರೇ ಹೇಳೋ ಮಾರಾಯಾ," ಎಂದೆ.

"ಮುಂದಿನ ಸಲ ದವಾಖಾನಿಯಿಂದ ಬಂದು ಹೇಳ್ತೀನಿ. ಅಲ್ಲಿತನಕ ಬೈಸ್ಕೋ."

ಮುಂದಿನ ಸಲ ದವಾಖಾನೆಯಿಂದ ನಾನೊಬ್ಬನೇ ಮಾತನಾಡುತ್ತ ಬಂದೆ, ಆಂಬುಲೆನ್ಸಿನ ಡ್ರೈವರನಿಗೆ ದಾರಿ ಹೇಳುತ್ತ.

ಅವನ ದಿನಕರ್ಮದ ಊಟಕ್ಕೆ ಕುಳಿತಾಗ ಮಾವ ತಲೆ ಎತ್ತದೆ ಅಂದ: "ಹೊಲಾ ಪೂರಾ ನಿಂದ ಆತು ನೋಡು."

ಅದು ನಾಟಕವೆಂದು ನಾನು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ನಂಬುವಂತೆ ಹೇಳಬಲ್ಲವನು ಒಬ್ಬನೇ ಇದ್ದ. ಅವನಿಲ್ಲ.