ಅರ್ಲ್ ಸಾಹೇಬರು ಹೇಳಬೇಕಿದ್ದ ಮಾತು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಚಳಿಗಾಲದಲ್ಲಿ ಹೊತ್ತು ಹೋಗದೆ ಮರ್ನಾ ಸ್ಟೋಲ್ ತಲೆಗೆ ಬಂದ ಒಂದು ಯೋಚನೆ. ಓಕ್ ಪ್ರೇರಿ ಊರಿನ ಗ್ರಂಥಾಲಯದ ಗೆಳೆಯರ ಬಳಗಕ್ಕೆ ಅವಳೇ ಅಧ್ಯಕ್ಷೆ, ಅವಳೇ ಕಾರ್ಯದರ್ಶಿ. ಎದುರು ಮಾತಾಡುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಸರ್ವಸದಸ್ಯರ ಸಭೆಯೂ ಅವಳೇ. ಪ್ರತಿ ಮಾರ್ಚ್‌ನಲ್ಲಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆ ಪುಸ್ತಕಗಳ ಮಾರಾಟ ನಡೆಯುತ್ತದೆ. ಕೊನೆಯ ದಿನ ಚೀಲದ ಲೆಕ್ಕ: ಒಂದು ಕಾಗದದ ಚೀಲ ಕೊಂಡರಾಯಿತು, ಅದರಲ್ಲಿ ಹಿಡಿಸಿದಷ್ಟು ಪುಸ್ತಕ ನಿಮ್ಮದು. ಇಷ್ಟು ವರ್ಷ ಪುಸ್ತಕಗಳು ಬರೆದವರ ಹೆಸರಿನ ಕ್ರಮದಲ್ಲಿ ತೆಪ್ಪಗೆ ಕೂತಿರುತ್ತಿದ್ದವು. ಈ ಸಲ ಮರ್ನಾ, "ಹಳೇ ಕಾಲದ ಪ್ರೇಮ ಕಾದಂಬರಿ ಓದೋರು ಹೆಸರು ನೋಡಿ ಓದ್ತಾರಾ? ಕತೇಲಿ ಏನಾಗುತ್ತೆ ಅಂತ ನೋಡಿ ಓದ್ತಾರೆ" ಎಂದು ಅಷ್ಟನ್ನೂ ಕತೆಯ ಜಾತಿ ನೋಡಿ ಪೆಟ್ಟಿಗೆಗಳಿಗೆ ಹಂಚಿಸಿಬಿಟ್ಟಳು.

"ಒತ್ತಾಯದ ಮದುವೆ" ಒಂದು ಪೆಟ್ಟಿಗೆ. "ಮೊದಲು ಜಗಳ, ಆಮೇಲೆ ಪ್ರೀತಿ" ಇನ್ನೊಂದು. "ಹಿಮದಲ್ಲಿ ಸಿಕ್ಕಿಬಿದ್ದರು, ಇರುವುದು ಒಂದೇ ಹಾಸಿಗೆ" ಮತ್ತೊಂದು. "ಗಂಡುವೇಷದ ಹುಡುಗಿ"ಗೂ ಒಂದು ಪೆಟ್ಟಿಗೆ, "ಕಾಯಿಲೆ ಮತ್ತು ಆರೈಕೆ"ಗೂ ಒಂದು. ಕೇಳಲಿಕ್ಕೇನೋ ಚೆಂದ. ಆದರೆ ಒಂದೇ ಕಾದಂಬರಿಯಲ್ಲಿ ಒತ್ತಾಯದ ಮದುವೆಯೂ ಆಗಿ, ಜಗಳವೂ ನಡೆದು, ಹಿಮವೂ ಬಿದ್ದು, ನಾಯಕನಿಗೆ ಜ್ವರವೂ ಬಂದರೆ ಅದನ್ನು ಎಲ್ಲಿಡಬೇಕು? ಮರ್ನಾ ಅದನ್ನು ಯೋಚಿಸಲಿಲ್ಲ. ಮೊದಲು ಹೇಳಿಬಿಟ್ಟು ಆಮೇಲೆ ಯೋಚಿಸುವುದು ಅವಳ ಜಾಯಮಾನ. ವಿಂಗಡಿಸಲು ಬಂದವರು ಕೆಲವರು ಹಿಂಬದಿಯ ನಾಲ್ಕು ಸಾಲು ಓದಿ, ಕೆಲವರು ಅದನ್ನೂ ಓದದೆ ಮುಖಪುಟದ ಚಿತ್ರ ನೋಡಿ, ಕೈಗೆ ಬಂದ ಕಡೆ ತುರುಕಿ ಮನೆಗೆ ಹೋದರು.

ಇದರ ಬಿಸಿ ತಟ್ಟಿದ್ದು ಆರ್ಡಿಸ್ ಕ್ವಾಮೆಗೆ. ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. ಗಂಡ ತೀರಿಹೋಗಿದ್ದಾನೆ. ದಿನವಿಡೀ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿ ಬಂದ ಮೇಲೆ ಅವಳಿಗಿದ್ದ ಒಂದೇ ಸುಖ ಈ ಕಾದಂಬರಿಗಳು. ಅದರಲ್ಲೂ ಅವಳಿಗೆ ಬೇಕಾದದ್ದು ಕರಾರಿನ ಮದುವೆಯ ಕತೆ: ಒಬ್ಬರ ಮುಖ ಕಂಡರೆ ಒಬ್ಬರಿಗಾಗದ ಇಬ್ಬರು ಏನೋ ಒಂದು ಅನಿವಾರ್ಯಕ್ಕೆ ಮದುವೆಯಾಗಬೇಕು, ಒಂದೇ ಸೂರಿನಡಿ ಹಲ್ಲು ಕಡಿಯುತ್ತ ಬಾಳಬೇಕು, ಕೊನೆಗೆ ಕರಗಬೇಕು. "ಕರಾರಿನ ಕೌಂಟೆಸ್" ಅಂಥ ಕತೆ; ಕೌಂಟೆಸ್ ಅಂದರೆ ಅರ್ಲ್ ಎಂಬ ಪದವಿಯ ಶ್ರೀಮಂತ ದೊರೆಯ ಹೆಂಡತಿ. ಮೂರು ಭಾಗ. ಎರಡು ಭಾಗ ಓದಿ ಹತ್ತು ವರ್ಷದ ಮೇಲಾಯಿತು. ಎರಡನೆಯ ಭಾಗದ ಕೊನೆಯ ಸಾಲಿನಲ್ಲಿ ಜ್ವರದಿಂದ ಮಲಗಿದ್ದ ಅರ್ಲ್ ಸಾಹೇಬರು ಕಣ್ಣು ಬಿಟ್ಟು ಹೆಂಡತಿಗೆ, "ಥಿಯೊಡೋರಾ, ನಿನಗೊಂದು ಮಾತು ಹೇಳಬೇಕು" ಅನ್ನುತ್ತಾರೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಮೂರನೆಯದು ಅಚ್ಚಾಗಿ ನಾಲ್ಕು ದಿನಕ್ಕೆ ಪ್ರಕಾಶಕರು ಬಾಗಿಲು ಹಾಕಿಕೊಂಡು ಹೋದರು.

ಫೋನಿನಲ್ಲಿ ಹುಡುಕಬಾರದಿತ್ತೇ ಅಂತೀರಾ? ಹುಡುಕಿದ್ದಳು. ಮಾರುವವರು ಯಾರೂ ಸಿಗಲಿಲ್ಲ. ಕೊನೆಗೇನಾಗುತ್ತದೆಂದು ಯಾರೋ ಪುಣ್ಯಾತ್ಮರು ಬರೆದಿದ್ದರಂತೆ. ಆರ್ಡಿಸ್ ಅದನ್ನು ತೆರೆಯಲಿಲ್ಲ. ಕೊನೆ ಮೊದಲೇ ಗೊತ್ತಾಗಿಬಿಟ್ಟರೆ ಓದುವುದೇನು ಮಣ್ಣು! ಆ ಮಾತನ್ನು ಅರ್ಲ್ ಬಾಯಿಂದಲೇ, ಆ ಪುಟದಲ್ಲೇ ಕೇಳಬೇಕು ಎಂದು ಹಟ ಹಿಡಿದು ಕೂತಿದ್ದಳು. ಈಗ, ಯಾರೋ ಸತ್ತ ಮುದುಕಿಯ ಮನೆಯಿಂದ ಬಂದ ರಾಶಿಯಲ್ಲಿ ಮೂರನೆಯ ಭಾಗ ಕಂಡೆ ಎಂದು ಅಡುಗೆಮನೆಯ ಜತೆಗಾತಿ ಡೊರೀನ್ ಹೇಳಿದ್ದಳು. ಆಮೇಲೆ ಅದು ಯಾವ ಪೆಟ್ಟಿಗೆಗೆ ಹೋಯಿತೋ ಅವಳಿಗೂ ತಿಳಿಯದು.

ಮಾರಾಟದ ದಿನ ನೆಲಮಾಳಿಗೆಯ ಬಾಗಿಲು ತೆಗೆಯುತ್ತಲೇ ಆರ್ಡಿಸ್ "ಒತ್ತಾಯದ ಮದುವೆ"ಗೆ ನುಗ್ಗಿದಳು. ತಳದವರೆಗೂ ಕೆದಕಿದಳು. ಇಲ್ಲ. "ಮೊದಲು ಜಗಳ"ಕ್ಕೆ ಕೈ ಹಾಕಿದಳು. ಅಲ್ಲಿ ನಾಯಿ ಸಾಕುವ ಪುಸ್ತಕ ಎರಡು ಸಿಕ್ಕವು. ಅವಳ ಪಿತ್ತ ನೆತ್ತಿಗೇರಿತು.

"ಮರ್ನಾ! ಇದ್ಯಾವ ಘನಂದಾರಿ ವ್ಯವಸ್ಥೆ ಇದು? ಕರಾರಿನ ಮದುವೆ ಎಲ್ಲಿಟ್ಟಿದ್ದೀಯ?"

"ಕರಾರಿಗೆ ಬೇರೆ ಪೆಟ್ಟಿಗೆ ಇಲ್ಲ ಕಣೇ. ಎಲ್ಲಾ ಒತ್ತಾಯದಲ್ಲೇ."

"ಕರಾರು ಬೇರೆ, ಒತ್ತಾಯ ಬೇರೆ! ಕರಾರಿಗೆ ಇಬ್ಬರೂ ಒಪ್ಪಿ ರುಜು ಹಾಕಿರ್ತಾರೆ!"

"ಒಪ್ಪಿದ್ಮೇಲೆ ಜಗಳ ಯಾಕಾಡ್ತಾರೆ?"

"ನೀನು ಮದುವೆಗೆ ಒಪ್ಪಿರಲಿಲ್ವಾ? ಗಂಡನ ಹತ್ರ ಜಗಳ ಆಡಲ್ವಾ?"

ಮರ್ನಾ ಮುಖ ಕೆಂಪಾಯಿತು. ಅಷ್ಟರಲ್ಲಿ ಹಾಸಿಗೆಯ ಪೆಟ್ಟಿಗೆಯ ಹತ್ತಿರ ಡೊರೀನ್ ಕೂಗಾಡತೊಡಗಿದ್ದಳು. "ಇದನ್ನ ಇಲ್ಲಿಗೆ ಹಾಕ್ದೋರು ಯಾರು? ಈ ಕತೇಲಿ ಎರಡು ಹಾಸಿಗೆ ಇದಾವೆ! ನಾನು ಓದಿದ್ದೀನಿ! ಎರಡನೇದ್ರಲ್ಲಿ ಅವನ ಅತ್ತೆ ಮಲಗಿರ್ತಾಳೆ!"

"ಅತ್ತೆ ಮಲಗಿದ್ಮೇಲೆ ಅದು ಲೆಕ್ಕಕ್ಕಿಲ್ಲ, ಉಳಿದಿದ್ದು ಒಂದೇ ತಾನೆ?" ಎಂದು ಮರ್ನಾ ಅಲ್ಲಿಂದಲೇ ಗದರಿದಳು. ಇಬ್ಬರೂ ಹಾಸಿಗೆ ಎಣಿಸುವುದರಲ್ಲಿ ಮುಳುಗಿದರು. ಆರ್ಡಿಸ್‌ಳ ಕೂಗನ್ನು ಕೇಳುವವರೇ ಇಲ್ಲ.

ಆಗ ಬೆನ್ನ ಹಿಂದೆ ಗಂಟಲು ಕೆರೆದ ಸದ್ದು. ತಿರುಗಿದರೆ ಲೈಲ್ ಪ್ರಿಬಿಲ್. ಆರ್ಡಿಸ್‌ಳ ಪಕ್ಕದ ಮನೆಯವನು, ಅವಳ ಜನ್ಮವೈರಿ. ಚಳಿಗಾಲ ಪೂರ್ತಿ ತನ್ನ ಅಂಗಳದ ಹಿಮವನ್ನು ಯಂತ್ರದಿಂದ ಅವಳ ಕಾರಿನ ದಾರಿಗೆ ತೂರುವವನು. ಅವಳೂ ಸುಮ್ಮನಿರುವವಳಲ್ಲ. ಅವನ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ ಗಾಳಿಗೆ ಕಿಣಿಕಿಣಿ ಅನ್ನುವ ಗಂಟೆಗಳನ್ನು ತೂಗುಹಾಕಿದ್ದಳು. ಅವನು ಬಂದದ್ದು ಟ್ರ್ಯಾಕ್ಟರ್ ರಿಪೇರಿಯ ಪುಸ್ತಕಕ್ಕೆ. ಅವಳನ್ನು ಕಂಡದ್ದೇ ಗಂಟೆಗಳ ನೆನಪಾಯಿತು.

"ರೀ ಆರ್ಡಿಸ್, ನಿಮ್ಮ ಹತ್ರ ಒಂದು ಮಾತಾಡ್ಬೇಕು."

"ನನಗೆ ಪುರುಸೊತ್ತಿಲ್ಲ, ಹೋಗ್ರೀ!"

ಅವಳು "ಗಂಡುವೇಷ"ಕ್ಕೆ ಹೋದಳು. ಅವನೂ ಹೋದ. "ಕಾಯಿಲೆ ಮತ್ತು ಆರೈಕೆ"ಗೆ ಹೋದಳು, ಅಲ್ಲೂ ಬಂದ. ಅವಳ ಚೀಲ ಹರಿದು ಕೆಳಗೆ ಬಿತ್ತು. ಕಾಲಿಗೆ ತೊಡಕಾಗುತ್ತದೆಂದು ಅವನು ಎತ್ತಿಕೊಟ್ಟ. ಇಷ್ಟು ಸಾಕಾಯಿತು. ಹಾಸಿಗೆಯ ಜಗಳ ಅಲ್ಲೇ ನಿಂತಿತು. ಡೊರೀನ್ ಓಡಿಬಂದು ಆರ್ಡಿಸ್‌ಳ ತೋಳು ಹಿಡಿದಳು.

"ನಿಂಗೆ ಕಣ್ಣಿಲ್ವೇನೇ? ಆವಾಗಿಂದ ನಿನ್ನ ಹಿಂದೇನೇ ಸುತ್ತಾ ಇದಾನೆ! ಒಂದು ಮಾತು ಹೇಳ್ಬೇಕು ಅಂತಿದಾನೆ!"

"ಗಂಟೆ ಬಿಚ್ಚು ಅಂತ ಹೇಳ್ತಾನೆ, ಇನ್ನೇನು ಹೇಳ್ತಾನೆ!"

"ಅಯ್ಯೋ ಮಂಕೇ," ಎಂದಳು ಮರ್ನಾ. "ಇಷ್ಟು ಪುಸ್ತಕ ಓದಿ ನೀನು ಕಲಿತಿದ್ದೇನು? ಮೂರು ವರ್ಷದಿಂದ ಜಗಳ. ಪಕ್ಕದ ಮನೆ. ಅವನಿಗೂ ಹೆಂಡ್ತಿ ಇಲ್ಲ. ಇದು ಯಾವ ಪೆಟ್ಟಿಗೆಗೆ ಸೇರಿದ್ದು, ನೀನೇ ಹೇಳು."

ಆರ್ಡಿಸ್ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಒಳಗೆ ಏನೋ ಒಂದು ಹುಳ ಹೊಕ್ಕಿತು. ಹೌದಲ್ಲ. ಒಟ್ಟು ಎಷ್ಟು ಅರ್ಲ್‌ಗಳು, ಎಷ್ಟು ಡ್ಯೂಕ್‌ಗಳು ಹೀಗೇ ಮುಖ ಗಂಟುಹಾಕಿಕೊಂಡು ನಾಯಕಿಯ ಬೆನ್ನು ಹತ್ತಿದ್ದಾರೆ! ಅವರೂ ಎಂದಾದರೂ ನೆಟ್ಟಗೆ ಮಾತಾಡಿದ್ದಾರೆಯೇ? ಹಿಮ ತೂರಿದ್ದು ಕೂಡ ಒಂದು ಬಗೆಯಲ್ಲಿ... ಥೂ, ಇದೆಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡಳು. ಆದರೂ ಕೂದಲು ಸರಿಮಾಡಿಕೊಂಡಳು.

ಅಷ್ಟರೊಳಗೆ ಡೊರೀನ್ ಇಬ್ಬರನ್ನೂ ನೂಕಿಕೊಂಡು ಹೋಗಿ ಮೂಲೆಯ ಕಾಫಿ ಮೇಜಿಗೆ ಕೂರಿಸಿ, ಮುಂದೆ ಎರಡು ಲೋಟ ಕಾಫಿ, ಎರಡು ತುಂಡು ನಿಂಬೆಯ ಸಿಹಿ ಇಟ್ಟು ಮಾಯವಾದಳು. ಪುಕ್ಕಟೆ ಸಿಹಿ ಕಂಡ ಲೈಲ್ ಗಂಟೆಯ ವಿಷಯವನ್ನು ಎರಡು ನಿಮಿಷ ಮುಂದಕ್ಕೆ ಹಾಕಿದ.

"ಏನ್ರೀ ಅದು, ಮನೆಗೆ ಬೆಂಕಿ ಬಿದ್ದೋರ ಥರ ಓಡಾಡ್ತಿದ್ದೀರಿ? ಅಂಥಾದ್ದೇನಿದೆ ಆ ಪುಸ್ತಕದಲ್ಲಿ?"

ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಸತ್ತ ಗಂಡನಂತೂ ಪುಸ್ತಕದ ಬೆನ್ನು ನೋಡಿದರೆ ಆಕಳಿಸುತ್ತಿದ್ದ. ಆರ್ಡಿಸ್ ಮೊದಲು ಸಿಟ್ಟಿನಲ್ಲೇ ಶುರುಮಾಡಿದಳು. ಚಿಕ್ಕಪ್ಪನ ಉಯಿಲಿನಿಂದ ಥಿಯೊಡೋರಾ ಆ ದುರಹಂಕಾರಿ ಅರ್ಲ್‌ನನ್ನು ಕಟ್ಟಿಕೊಂಡದ್ದು, ಒಂದು ವರ್ಷ ಊಟದ ಮೇಜಿನ ಆ ತುದಿ ಈ ತುದಿಯಲ್ಲಿ ಕೂತು ಉಪ್ಪನ್ನೂ ಆಳಿನ ಕೈಲೇ ಕೇಳಿದ್ದು, ಅವಳ ಕಿಟಕಿಯ ಕೆಳಗಿನ ಗುಲಾಬಿಯನ್ನು ಅವನು ಕಡಿಸಿಹಾಕಿದ್ದು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಲೈಲ್ ಸಿಹಿಯನ್ನು ಅರ್ಧ ಕಚ್ಚಿ ಹಾಗೇ ಹಿಡಿದಿದ್ದ.

"ಗುಲಾಬಿ ಕಡಿಸಿದ್ನಾ? ಬಡ್ಡಿಮಗ! ಅವಳೇನು ಮಾಡಿದ್ಲು?"

"ಅವನ ಪಾರಿವಾಳ ಅಷ್ಟನ್ನೂ ಬಿಟ್ಟುಬಿಟ್ಲು."

"ಹಾಗೇ ಆಗ್ಬೇಕು! ಆಮೇಲೆ?"

ಆಮೇಲೆ ಅವಳ ಕರಿಯ ಕುದುರೆ ಹೆಪ್ಪುಗಟ್ಟಿದ ಹೊಳೆಯಲ್ಲಿ ಸಿಕ್ಕಿಬಿತ್ತು. ಆ ಅರ್ಲ್ ಕೋಟನ್ನೂ ಕಳಚದೆ ನೀರಿಗೆ ಹಾರಿದ. ಕುದುರೆ ಬದುಕಿತು. ಅವನಿಗೆ ಜ್ವರ ಬಂತು. ಮೂರು ರಾತ್ರಿ ಅವಳು ಹಣೆಗೆ ಬಟ್ಟೆ ಹಾಕಿದಳು. ಅವನು ಕಣ್ಣು ಬಿಟ್ಟ.

"ಏನಂದ?"

"ನಿನಗೊಂದು ಮಾತು ಹೇಳಬೇಕು ಅಂದ."

"ಏನು ಮಾತು?"

"ಅದೇ ಮೂರನೇ ಭಾಗದಲ್ಲಿರೋದು!" ಆರ್ಡಿಸ್ ಮೇಜು ಗುದ್ದಿದಳು. "ಅದನ್ನೇ ಈ ದರಿದ್ರದವರು ಎಲ್ಲೋ ಹಾಕಿ ಹಾಳು ಮಾಡಿದ್ದಾರೆ! ಮೂರಕ್ಕೂ ಮೇಲೆ ಒಂದೇ ಚಿತ್ರ, ಹಣೇಲಿ ಬಿಳೀ ಚುಕ್ಕೆ ಇರೋ ಕರೀ ಕುದುರೆ."

ಲೈಲ್ ಅಗಿಯುವುದನ್ನು ನಿಲ್ಲಿಸಿದ. ಅವಳ ಮುಖವನ್ನೇ ನೋಡಿದ. ಸಿಹಿಯನ್ನು ತಟ್ಟೆಯ ಮೇಲಿಟ್ಟು ಮೆಲ್ಲಗೆ ಎದ್ದ.

"ನೀವು ಇಲ್ಲೇ ಕೂತಿರಿ," ಎಂದ.

ಆರ್ಡಿಸ್ ಅವನು ಹೋದ ದಾರಿಯನ್ನೇ ನೋಡುತ್ತ ಕೂತಳು. ಮರ್ನಾ, ಡೊರೀನ್ ಇಬ್ಬರೂ ಬಂದು ಅಕ್ಕಪಕ್ಕ ಕೂತರು. "ಹೋದ ನೋಡು, ನಿಂಗೋಸ್ಕರ ಹುಡುಕೋಕೆ ಹೋದ!" ಎಂದು ಡೊರೀನ್ ನಿಟ್ಟುಸಿರಿಟ್ಟಳು. ಅಷ್ಟೂ ಸಿಟ್ಟು ಒಂದೇ ಸಲ ಇಳಿದುಹೋಗಿ ಆರ್ಡಿಸ್‌ಗೆ ಮೈ ಹಗುರವೆನಿಸಿತು. ಬೇಸಗೆ ಬಂದರೆ ಅವನಿಗೆ ಒಂದು ಆಪಲ್ ಪೈ ಮಾಡಿಕೊಡಬಹುದು, ಗಂಟೆಗಳನ್ನು ಹಿತ್ತಲಿಗೆ ಹಾಕಬಹುದು ಎಂದೆಲ್ಲ ಲೆಕ್ಕ ಹಾಕಿದಳು. ಕಾಫಿ ಆರಿತು. ಇನ್ನೊಂದು ಲೋಟ ತರಿಸಿದಳು, ಅದೂ ಆರಿತು. ಜನ ಕರಗಿದರು. ಬಾಗಿಲ ಹತ್ತಿರ ಚೀಲ ನೋಡುತ್ತಿದ್ದ ಮುದುಕನನ್ನು ಮರ್ನಾ ಕೇಳಿದಳು.

"ಲೈಲ್ ಅಂದ್ರಾ? ಅವನು ಹೋಗಿ ಎಷ್ಟೋ ಹೊತ್ತಾಯ್ತಲ್ಲ. ದನ ಕುದುರೆ ಸಾಕಣೆ ಪುಸ್ತಕಗಳಿದ್ವಲ್ಲ, ಆ ಮೇಜಿಂದ ಒಂದೇ ಒಂದು ತಗೊಂಡ. ಚೀಲಾನೂ ಬೇಡ ಅಂದ. ನಡೀತಾ ನಡೀತಾನೇ ಓದ್ತಿದ್ದ."

ಆರ್ಡಿಸ್ ದಡಕ್ಕನೆ ಎದ್ದಳು. ಕುದುರೆಯ ಚಿತ್ರ ನೋಡಿ ಯಾವಳೋ ಅದನ್ನು ಪಶುಪಾಲನೆಗೆ ಹಾಕಿದ್ದಳು. ಟ್ರ್ಯಾಕ್ಟರ್ ಪುಸ್ತಕ ಹುಡುಕುವಾಗ ಅವನು ಅದನ್ನು ಆಗಲೇ ಕೈಯಲ್ಲಿ ಹಿಡಿದು ಕೆಳಗಿಟ್ಟಿದ್ದ. ಅದರೊಳಗೆ ಏನಿದೆ ಎಂದು ಅವನಿಗೆ ಆಸೆ ಹತ್ತಿಸಿದವಳು ತಾನೇ!

ಆರ್ಡಿಸ್ ಕಾರು ಓಡಿಸಿದ ರಭಸಕ್ಕೆ ಕೆಸರು ಹಿಮ ಎರಡೂ ಬದಿಗೆ ಚಿಮ್ಮಿತು. ಲೈಲ್‌ನ ಬಾಗಿಲನ್ನು ಎರಡೂ ಮುಷ್ಟಿಯಿಂದ ಬಡಿದಳು. ಅವನು ಕನ್ನಡಕ ಹಣೆಗೇರಿಸಿಕೊಂಡು, ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಬಾಗಿಲು ತೆಗೆದ.

"ಕಳ್ಳ! ಕೊಡ್ರೀ ನನ್ನ ಪುಸ್ತಕ! ಮಾನ ಮರ್ಯಾದೆ ಇದ್ಯೇನ್ರೀ ನಿಮಗೆ?"

"ಕೋಪ ಮಾಡ್ಕೋಬೇಡಿ ಆರ್ಡಿಸ್, ನಾನೇ ತಂದುಕೊಡೋನಿದ್ದೆ. ಏನ್ಮಾಡ್ಲಿ, ನೀವು ಹೇಳಿದ ರೀತಿಗೆ ತಡ್ಕೊಳ್ಳೋಕೇ ಆಗ್ಲಿಲ್ಲ. ಮೊದಲ್ನೇ ಪುಟಾನೂ ಕೊನೇ ಅಧ್ಯಾಯಾನೂ ಓದ್ಕೊಂಡೆ. ಪಾಪ, ಎಷ್ಟು ವರ್ಷ ಕಾದಿದ್ದೀರಿ ನೀವು."

"ಬಾಯಿ ಮುಚ್ಚಿ! ಒಂದಕ್ಷರ ಹೇಳಿದ್ರೆ..."

"ಕುದುರೆಗೆ ಹುಲ್ಲು ಹಾಕೋದು ಮರೀಬೇಡ ಅಂತಾನೆ."

"ಏನು?"

"ಅದೇ ಮಾತು. ಅಷ್ಟು ಹೇಳಿ ಸತ್ತೋಗ್ತಾನೆ. ಅವಳು ಕೊನೇಲಿ ಉಯಿಲು ಬರೆದ ವಕೀಲನ್ನ ಮದುವೆ ಆಗ್ತಾಳೆ. ನಂಗೂ ಬೇಜಾರಾಯ್ತು." ಲೈಲ್ ಬಲು ದೊಡ್ಡ ಮನಸ್ಸಿನಿಂದ ಪುಸ್ತಕವನ್ನು ಅವಳ ಕೈಗಿಟ್ಟ. "ತಗೊಳ್ಳಿ. ಇನ್ನು ನಂಗೆ ಬೇಡ."

ಆರ್ಡಿಸ್ ಬಾಯಿ ತೆರೆದಳು. ಸಿಟ್ಟು ಎಷ್ಟು ಒತ್ತಿಕೊಂಡು ಬಂದಿತ್ತೆಂದರೆ ಅದಕ್ಕೆ ತಕ್ಕ ಬೈಗುಳ ಒಂದೂ ಸಿಗದೆ ಕಣ್ಣಲ್ಲಿ ನೀರು ಉಕ್ಕಿತು. ಪುಸ್ತಕವನ್ನು ಎದೆಗವಚಿ ಮೆಟ್ಟಿಲ ಮೇಲೆ ನಿಂತಳು.

ರಸ್ತೆಯಲ್ಲಿ ಮರ್ನಾಳ ಕಾರು ನಿಂತಿತು. ಕಿಟಕಿಯಿಂದ ಡೊರೀನ್‌ಳ ಅರ್ಧ ದೇಹ ಹೊರಗಿತ್ತು.

"ಕೊಟ್ಟೇಬಿಟ್ಟ ಕಣೇ ಮರ್ನಾ! ನೋಡು, ಅಳ್ತಿದಾಳೆ ಸಂತೋಷಕ್ಕೆ!"

ಇಬ್ಬರೂ ಸೇರಿ ಹಾರ್ನ್ ಹೊಡೆದು ಕೈ ಬೀಸಿದರು. ಲೈಲ್‌ಗೆ ಏನೂ ಅರ್ಥವಾಗಲಿಲ್ಲ. ಆದರೂ ಒಳ್ಳೆಯ ನೆರೆಯವನಂತೆ ನಕ್ಕು ಅವನೂ ಕೈ ಬೀಸಿದ.