ನಗಿಸುವವರಲ್ಲಿ ಮೊದಲ ನಂಬರು

ನಮ್ಮ ಮನೆಯಲ್ಲಿ ಹೊಲಕ್ಕಾಗಲಿ ಬಂಗಾರಕ್ಕಾಗಲಿ ಎಂದೂ ಜಗಳವಾಗಿಲ್ಲ. ಆದರೆ ಮೈಕಿನ ಮುಂದೆ ನಿಂತು ಮಂದಿಯನ್ನು ನಗಿಸುವವರಲ್ಲಿ ದೊಡ್ಡವರು ಯಾರು ಎಂಬ ಮಾತು ಬಂತೆಂದರೆ, ಹೊರಟು ನಿಂತವರೂ ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದು ಕೂರುತ್ತಾರೆ. ವರ್ಷಕ್ಕೆ ಎರಡು ಮೂರು ಸಲವಾದರೂ ಇದು ಇದ್ದದ್ದೇ.

ಈ ವಿಷಯದಲ್ಲಿ ಆಧಾರ ಇಟ್ಟುಕೊಂಡು ಮಾತಾಡುವವಳು ನಾನೊಬ್ಬಳೇ. ಬೈಲಹೊಂಗಲದ ನಮ್ಮ ಓಣಿಗೆ ಬಿ.ಎ. ಮುಗಿಸಿ ಬಂದ ಮೊದಲ ಸೊಸೆ ನಾನು. ಓದಿದ್ದು ಒಲೆಯ ಮುಂದೆ ಕರಗಿಹೋಗಬಾರದೆಂದು ಕೆಂಪು ರಟ್ಟಿನ ಉದ್ದ ವಹಿಯೊಂದನ್ನು ಇಟ್ಟಿದ್ದೇನೆ. ನಾನು ಕೇಳಿದ ಪ್ರತಿ ಹಾಸ್ಯ ಭಾಷಣವೂ ಅದರಲ್ಲಿದೆ. ದಿನ, ಊರು, ಹೇಳಿದವರು, ಹೇಳಿದ ಜೋಕು, ಮಂದಿ ಎಷ್ಟು ನಕ್ಕರು, ಕೊನೆಗೆ ನನ್ನ ಷರಾ. ಹೆಂಗಸರು ಬರಿದೆ ನಕ್ಕರೆ ಒಂದು ಗೆರೆ, ಸೆರಗು ಬಾಯಿಗೆ ಹೋದರೆ ಎರಡು, ಪಕ್ಕದವರ ತೊಡೆಗೆ ಹೊಡೆದರೆ ಮೂರು. ಇದಕ್ಕಿಂತ ಖಾತ್ರಿಯಾದ ಅಳತೆ ಇದ್ದರೆ ಯಾರಾದರೂ ತೋರಿಸಲಿ.

೧. ಮರುದಿನ ತಲುಪಿದ್ದು

ಕಿತ್ತೂರಿನಲ್ಲಿ ಒಂದು ನಗೆಸಂಜೆ. ಮಾತಾಡಿದವರು ಸಂಪಗಾಂವ ಕಡೆಯ ನಿವೃತ್ತ ಶಾಲಾ ಮಾಸ್ತರರು. ನನ್ನ ವಹಿಯಲ್ಲಿ ಮೊದಲ ನಂಬರು ಇವರದು. ತಾವು ಒಂದು ಸಲವೂ ನಗುವುದಿಲ್ಲ, ಹಾಜರಿ ಕರೆದಂತೆ ಹೇಳುತ್ತ ಹೋಗುತ್ತಾರೆ. ಅಂದು ಹೇಳಿದರು:

"ಸಾಲಿ ತಪಾಸಣಿಗೆ ಸಾಹೇಬ್ರು ಬಂದ್ರು. ಹುಡುಗನ್ನ ಕೇಳಿದ್ರು, ನಿಮ್ಮ ಮಾಸ್ತರ ದಿನಾ ಬರ್ತಾರೇನೋ? ಹೂಂ ರೀ, ದಿನಾ ಬರ್ತಾರ್ರಿ ಅಂದ. ಏನ್ ಕಲಸ್ತಾರ? ಹುಡುಗ ಅಂದ, ಅವರು ಎದ್ದ ಮ್ಯಾಲ ಕೇಳಿ ಹೇಳ್ತೇನ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ಮೂರು ಗೆರೆ ಎಳೆದೆ. ಪಕ್ಕದಲ್ಲಿ ನಮ್ಮ ಯಜಮಾನರು ಮಾತ್ರ ಹತ್ತಿ ಗಂಟು ತೂಗಿಸುವಾಗ ಹೇಗೆ ಕೂರುತ್ತಾರೋ ಹಾಗೆ ಕೂತಿದ್ದರು. ಅವರು ಹತ್ತಿ ವ್ಯಾಪಾರಸ್ಥರು. ಯಾವುದನ್ನೂ ಕೈಯಲ್ಲಿ ಹಿಡಿದು ನೋಡದೆ ಒಪ್ಪುವುದಿಲ್ಲ.

ಮರುದಿನ ಮುಂಜಾನೆ ಬಚ್ಚಲಿನಿಂದ ದೊಡ್ಡ ಸದ್ದು. ಓಡಿ ಹೋಗಿ ನೋಡಿದರೆ ಮುಖದ ತುಂಬ ಸಾಬೂನಿನ ನೊರೆ, ಗದ್ದದ ಮೇಲೆ ರಕ್ತ, ಕೈಯಲ್ಲಿ ಬ್ಲೇಡು, ನಗು ಮಾತ್ರ ನಿಲ್ಲವಲ್ಲದು.

"ಏನಾತ್ರೀ?"

"ಅಂದ್ರ... ಅಂದ್ರ ಆ ಮಾಸ್ತರ ಮಲಕೊಂಡಿದ್ದ!"

ಅಂದಿನಿಂದ ವಹಿಯಲ್ಲಿ ಅವರೊಬ್ಬರಿಗಾಗಿ ಬೇರೆ ಅಂಕಣ ಮಾಡಿದ್ದೇನೆ. ಅದರ ತಲೆಬರಹ: "ಮರುದಿನ ತಲುಪಿದ್ದು."

೨. ಹೊತ್ತಿದ ರೊಟ್ಟಿ

ನನ್ನ ನಾದಿನಿಯನ್ನು ಸವದತ್ತಿಗೆ ಕೊಟ್ಟಿದೆ. ಬಾಯಿ ಜೋರು, ಮನಸ್ಸು ಹೂವು. ಅವಳ ಪಾಲಿಗೆ ಮೊದಲ ನಂಬರು ಫೋನಿನಲ್ಲಿ ಬರುವ ಒಬ್ಬ ಯುವಕ. ಕಾಲರಿಲ್ಲದ ಅಂಗಿ ಹಾಕಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಮಾತಾಡುತ್ತಾನೆ.

"ಲಕ್ಷಗಟ್ಟಲೆ ಮಂದಿ ನೋಡ್ಯಾರ ವೈನಿ."

"ನೋಡ್ಯಾರ, ಖರೆ. ನಕ್ಕಾರೇನು? ಯಾರ್ ಬರಕೊಂಡಾರ?"

"ಹಂಗಾರ ಈಗ ಕೇಳ್ರಿ, ನೀವಽ ಬರಕೊಳ್ರಿ" ಎಂದು ಅಡುಗೆಮನೆಯಲ್ಲಿ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ರೊಟ್ಟಿ ಬಡಿಯುತ್ತಿದ್ದವಳು ಅವಳು, ವಹಿ ಹಿಡಿದು ಕೂತವಳು ನಾನು.

ಯುವಕ ಹೇಳಿದ: "ಹೆಂಡ್ತಿ ತವರಿಗೆ ಹೋಗಿದ್ಲು. ಎಂಟ ದಿನ ಬಿಟ್ಟು ಗಂಡಗ ಫೋನ್ ಮಾಡಿದ್ಲು, ನಾ ಇಲ್ಲದ ಮನಿ ಹೆಂಗ ಅನಸ್ತೈತ್ರೀ? ಗಂಡ ಅಂದ, ಸ್ವಲ್ಪ ತಡಿ, ಹೋಗಿ ನೋಡಿ ಹೇಳ್ತೇನಿ."

ನಾದಿನಿ ನಕ್ಕ ನಗೆಗೆ ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು.

"ಅದರಾಗ ನಗೂವಂಥಾದ್ದು ಏನೈತಿ?" ಎಂದೆ. "ನಾ ಬಾಣಂತನಕ್ಕ ಹೋದಾಗ ನಿಮ್ಮ ಅಣ್ಣಾರು ಹಂಗಽ ಮಾಡಿದ್ರು. ಬಂದು ನೋಡಿದ್ರ ಮನಿ ಕೀಲಿಗೆ ಜೇಡ ಬಲಿ ಹಾಕಿತ್ತು."

"ಹೊತ್ತಿದ ರೊಟ್ಟಿನಽ ಸಾಕ್ಷಿ ವೈನಿ! ಮೂರ ಗೆರಿ ಎಳೀರಿ."

ನಾನು ನ್ಯಾಯವಾಗಿ ಬರೆದೆ. ಗೆರೆಯ ಅಂಕಣದಲ್ಲಿ: "ಇಲ್ಲ. ಇದು ಜೋಕಲ್ಲ, ನಡೆದ ಸಂಗತಿ." ಷರಾದ ಅಂಕಣದಲ್ಲಿ: "ರೊಟ್ಟಿ ಹೊತ್ತಿದ್ದು ನಗೆಯಿಂದಲ್ಲ, ನಾದಿನಿಯ ಕೈಗುಣದಿಂದ. ನಿನ್ನೆಯೂ ಹೊತ್ತಿತ್ತು."

೩. ಬೀಗರ ಅರ್ಧ ಜೋಕು

ಮಗನ ಮಾವನವರು, ಎಂದರೆ ನಮ್ಮ ಬೀಗರು, ರಾಮದುರ್ಗದಲ್ಲಿ ಸೀರೆ ಅಂಗಡಿ ಇಟ್ಟಿದ್ದಾರೆ. ಅವರ ಪ್ರಕಾರ ಈಗಿನವರು ಯಾರೂ ನಗಿಸುವವರೇ ಅಲ್ಲ. ತಾವು ಸಣ್ಣವರಿದ್ದಾಗ ಊರಿಗೆ ಬರುತ್ತಿದ್ದ ನಾಟಕ ಕಂಪನಿಯ ಹಾಸ್ಯಪಾತ್ರದವನೊಬ್ಬನಿದ್ದನಂತೆ, ಮೊದಲ ನಂಬರು ಅವನದೇ ಅಂತೆ.

"ಅವನ ಒಂದ್ ಜೋಕ್ ಹೇಳ್ತೇನ್ ಕೇಳ್ರಿ ಅಕ್ಕಾರ. ಒಬ್ಬ ಗೌಡ ಎಮ್ಮಿ ಹೊಡಕೊಂಡು ಸಂತಿಗೆ ಹೊಂಟಿದ್ದ. ಎದುರಿಗೆ ಒಬ್ಬ ಬಂದ, ಗೌಡ್ರ, ಎಮ್ಮಿ ಹಾಲು-ಹಯನ ಹೆಂಗೈತಿ ಅಂದ. ಆವಾಗ ಗೌಡ ಏನಂದ ಅಂದ್ರ..."

ಇಷ್ಟು ಹೇಳಿ ಬೀಗರು ನಗಲು ಶುರು ಮಾಡುತ್ತಾರೆ. ಹೊಟ್ಟೆ ಕುಣಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮು ಬರುತ್ತದೆ. ಅವರನ್ನು ನೋಡಿ ನಾವೂ ನಗುತ್ತೇವೆ. ಯಾರೋ ನೀರು ತಂದು ಕೊಡುತ್ತಾರೆ. ಗೌಡ ಏನಂದ ಎಂಬುದು ಅಲ್ಲಿಗೇ ನಿಲ್ಲುತ್ತದೆ.

ಈ ಜೋಕಿನ ಮೊದಲರ್ಧ ನನ್ನ ವಹಿಯಲ್ಲಿ ಒಂಬತ್ತು ಸಲ ಇದೆ. ಉಳಿದರ್ಧದ ಜಾಗ ಒಂಬತ್ತೂ ಸಲ ಖಾಲಿ. ದಾಖಲೆ ಇಡುವವಳಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನಂತೆ. ಒಮ್ಮೆ ಹಟ ಹಿಡಿದು ಅವರ ಕೈಗೇ ಪೆನ್ನು ಕೊಟ್ಟೆ. "ಬೀಗರ, ಬಾಯಿಲೆ ಆಗವಲ್ಲದು, ಬರದರ ಕೊಡ್ರಿ." ಅವರು "ಆವಾಗ ಗೌಡ" ಎಂದು ಬರೆದರು. ಅದರ ಮುಂದೆ ಪೆನ್ನು ಹಾಳೆಯ ತುಂಬ ಕುಣಿದಾಡಿತು.

ಕೊನೆಗೆ ಬೀಗಿತ್ತಿಯನ್ನು ಒಳಗೆ ಕರೆದು ಕೇಳಿದೆ. "ಇಷ್ಟ ವರ್ಷ ಸಂಸಾರ ಮಾಡೀರಿ, ನಿಮಗರ ಹೇಳಿರಬೇಕಲ್ಲರಿ?"

ಅವರು ನಿಟ್ಟುಸಿರು ಬಿಟ್ಟರು. "ಆ ನಾಟಕ ನಾನೂ ನೋಡೇನ್ರಿ ಅಕ್ಕಾರ. ಅದಕ್ಕ ಕೊನಿ ಅಂಬೋದಽ ಇಲ್ಲ. ಆ ಪಾತ್ರದಾಂವನೂ ಇಷ್ಟಽ ಹೇಳಿ, ನಕ್ಕೋತ ಪರದೆ ಹಿಂದ ಹೋಗಿಬಿಟ್ಟ."

೪. ಪಂಥ

ನಮ್ಮ ಮಹಿಳಾ ಮಂಡಳದ ವಾರ್ಷಿಕ ಸಮಾರಂಭ ಬಂತು. ಕಾರ್ಯದರ್ಶಿ ನಾನು. ಈ ಸಲ ಒಂದು ಹಾಸ್ಯ ಭಾಷಣ ಇಡೋಣ, ಮಾಸ್ತರರನ್ನೇ ಕರೆಯೋಣ ಎಂದೆ. ಸಮಾರಂಭಕ್ಕೆಂದೇ ಸವದತ್ತಿಯಿಂದ ಮುಂಚಿತವಾಗಿ ಬಂದಿದ್ದ ನಾದಿನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ವೈನಿ, ವಹ್ಯಾಗ ಮೊದಲ ನಂಬರ್ ಯಾರಂತ ನೀವಽ ಬರೀತೀರಿ, ನೀವಽ ಓದ್ತೀರಿ, ನೀವಽ ಖುಷಿಪಡ್ತೀರಿ. ಈಗೊಂದು ಪಂಥ ಆಗ್ಲಿ. ಮಾಸ್ತರ್ ಮಾತಿಗೆ ಸಭಾ ನಗಲಿಲ್ಲಂದ್ರ ವಹಿ ನನಗ. ಇನ್ನ ಮುಂದ ನಾ ಬರೀತೇನಿ."

"ನಕ್ಕರ?"

"ನಕ್ಕರ, ಮಾಸ್ತರ್ರ ದೊಡ್ಡಾವ್ರು ಅಂತ ಒಪ್ಪಿಕೊಂಡು ನಿಮ್ಮ ವಹ್ಯಾಗ ಸಹಿ ಮಾಡ್ತೇನಿ."

ನಾದಿನಿಯ ಸಹಿ! ಆ ಆಸೆಗೆ ಹೂಂ ಎಂದುಬಿಟ್ಟೆ. ಆಮೇಲೆ ವಹಿಯನ್ನು ಕಪಾಟಿನಿಂದ ತೆಗೆದು ನೋಡಿದೆ. ಇಪ್ಪತ್ತು ವರ್ಷದ ವಹಿ ಅದು. ಇನ್ನೊಬ್ಬರ ಅಕ್ಷರ ಅದರ ಮೇಲೆ ಬೀಳುವುದನ್ನು ನೆನೆಸಿಕೊಂಡರೇ ಊಟ ಸೇರಲಿಲ್ಲ.

ಮಾಸ್ತರರಿಗೆ ಫೋನು ಮಾಡಿ, "ಭಾಷಣ ಊಟಕ್ಕಿಂತ ಮೊದಲ ಇಡಬೇಕೋ, ಆಮೇಲ ಇಡಬೇಕೋ ಸರ?" ಎಂದು ಕೇಳಿದೆ.

"ಮೊದಲ ಇಟ್ರ ಮಂದಿ ಅಡಗಿಮನಿ ಕಡೆ ನೋಡ್ತಾರ್ರಿ. ಆಮೇಲ ಇಟ್ರ ಮಲಗ್ತಾರ."

"ಮತ್ತ ಏನ್ ಮಾಡೂಣ್ರಿ?"

"ಊಟಾನ ನನ್ನ ಮುಂದ ಇಡ್ರಿ. ಮಂದಿ ನನ್ನ ಕಡೆನಽ ನೋಡ್ತಾರ."

೫. ಪರಿಚಯ ಭಾಷಣ

ಸಮಾರಂಭದ ದಿನ ಸಭಾಗೃಹ ತುಂಬಿತ್ತು. ಮುಂದಿನ ಸಾಲಿನಲ್ಲಿ ನಾದಿನಿ, ಅವಳ ಪಕ್ಕ ಬೀಗಿತ್ತಿ. ಅತಿಥಿಗಳ ಪರಿಚಯ ಮಾಡಿಕೊಡುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮ ಸದಸ್ಯೆಯರಲ್ಲಿ ಬಹಳ ಜನ ಮಾಸ್ತರರನ್ನು ಕೇಳಿದವರಲ್ಲ. ಬರಿದೆ "ಇವರು ದೊಡ್ಡ ಹಾಸ್ಯಗಾರರು" ಎಂದರೆ ಯಾರು ನಂಬುತ್ತಾರೆ? ಪದವೀಧರೆಯಾದವಳು ಸಾಕ್ಷಿ ಕೊಡಬೇಕು. ವಹಿ ತೆರೆದೆ.

"ಇವರ ಹಿರಿಮೆಗೆ ಮೊದಲನೆಯ ಸಾಕ್ಷಿ, ಪುಟ ಹನ್ನೆರಡು" ಎಂದು ಸಾಹೇಬರ ತಪಾಸಣೆಯ ಜೋಕು ಓದಿದೆ. ಸಭೆ ಘೊಳ್ಳೆಂದು ನಕ್ಕಿತು. ನನಗೆ ಹುರುಪು ಬಂತು. ಎರಡನೆಯ ಸಾಕ್ಷಿ ಓದಿದೆ. ಮೂರನೆಯದು ಓದಿದೆ. ಹೆಂಗಸರ ಸೆರಗು ಬಾಯಿಗೆ ಹೋಯಿತು. ಓರೆಗಣ್ಣಿನಿಂದ ನೋಡಿದರೆ ಮಾಸ್ತರರು ಕಿಸೆಯಿಂದ ಒಂದು ಚೀಟಿ, ಒಂದು ಪೆನ್ಸಿಲು ತೆಗೆದು, ನಾನು ಒಂದೊಂದು ಓದಿದಾಗಲೂ ಏನೋ ಗೀಚುತ್ತಿದ್ದರು. ಅಂಥ ದೊಡ್ಡವರು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ನನ್ನ ಕೊರಳು ಇನ್ನಷ್ಟು ಏರಿತು.

ಹನ್ನೆರಡನೆಯ ಸಾಕ್ಷಿಗೆ ಸಭೆಯೇ ಅಲುಗಾಡಿತು. "ಸ್ವಲ್ಪ ತಡಿ, ಹೋಗಿ ನೋಡಿ ಹೇಳ್ತೇನಿ" ಎಂದು ಓದಿ ಮುಗಿಸುವಷ್ಟರಲ್ಲಿ ನಾದಿನಿ ಕುರ್ಚಿಯಿಂದ ಎದ್ದು ನಿಂತಿದ್ದಳು.

"ವೈನಿ! ಅದು ನಮ್ಮ ಹುಡುಗಂದು!"

ನೋಡಿದರೆ ಎರಡು ಹಾಳೆ ಕೂಡಿ ಮಗುಚಿದ್ದೆ. ಇಪ್ಪತ್ತು ವರ್ಷದಲ್ಲಿ ನನ್ನ ಕೈಯಿಂದಾದ ಮೊದಲ ತಪ್ಪು, ಮುನ್ನೂರು ಮಂದಿಯ ಮುಂದೆ. ಬೇಗ ಮುಗಿಸಿ, "ಈಗ ಮಾಸ್ತರರು ನಿಮ್ಮನ್ನು ನಗಿಸುತ್ತಾರೆ" ಎಂದು ಕುಳಿತೆ.

ಮಾಸ್ತರರು ಎದ್ದರು. ಚೀಟಿಯನ್ನು ಎತ್ತಿ ಸಭೆಗೆ ತೋರಿಸಿದರು. ಕೊನೆಯದೊಂದನ್ನು ಬಿಟ್ಟು ಅದರಲ್ಲಿದ್ದ ಪ್ರತಿ ಸಾಲಿಗೂ ಕಾಟು ಬಿದ್ದಿತ್ತು. ಹಾಜರಿ ಕರೆದಂತೆ ಹೇಳಿದರು:

"ತಾಯಂದಿರ, ಇವತ್ತ ನಾ ಹೇಳಬೇಕಂತ ಬರಕೊಂಡು ಬಂದದ್ದು ಹನ್ನೊಂದು. ಅಕ್ಕಾರು ಹನ್ನೆರಡು ಹೇಳ್ಯಾರ. ಆ ಹನ್ನೆರಡನೇದು ನಂದಲ್ಲ. ಆದ್ರ ಚೊಲೋ ಐತಿ, ಬರಕೊಂಡೇನಿ. ನಮಸ್ಕಾರ."

ಕೂತರು.

೬. ವಹಿ ಹೋದ ದಾರಿ

ಊಟದ ಮನೆಯಲ್ಲಿ ನಾದಿನಿ ಕೈ ಚಾಚಿಕೊಂಡು ಬಂದಳು. "ತರ್ರಿ ವಹಿ."

"ಯಾಕ? ಮಾಸ್ತರ್ರು ಮಾತಾಡಿದ ಮ್ಯಾಲ ಮಂದಿ ಕುರ್ಚಿಯಿಂದ ಬಿದ್ದಾರ."

"ಅರ್ಧ ನಿಮಿಷದ ಮಾತಿಗೆ! ಅದಕ್ಕಿಂತ ಮೊದಲ ನಕ್ಕದ್ದು ನಿಮಗ, ಎಲ್ಲಾಕ್ಕಿಂತ ಜೋರ್ ನಕ್ಕದ್ದು ನಮ್ಮ ಹುಡುಗನ ಜೋಕಿಗೆ."

"ಸಹಿ ಮಾಡು."

"ವಹಿ ಕೊಡ್ರಿ."

ಗೋಧಿ ಹುಗ್ಗಿ ತಿನ್ನುತ್ತಿದ್ದ ಮಾಸ್ತರರು ಎಡಗೈ ಮುಂದೆ ಮಾಡಿ, "ಏನ್ ವಹಿ ಅದು? ನೋಡೂಣು" ಎಂದರು. ಹಾಳೆ ತಿರುವಿದರು. ಒಂದು ಕಡೆ ನಿಂತು ಖೊಕ್ಕೆಂದು ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದ್ಯಾರ ಜೋಕ್ರೀ? ಭಾರಿ ಐತಿ."

"ನಿಮ್ಮದಽ ರೀ ಸರ. ಹದಿನೈದು ವರ್ಷದ ಹಿಂದಿಂದು."

"ಹೌದ? ಪೂರಾ ಮರತಿದ್ದೆ." ಕೈ ತೊಳೆದು ಬಂದು ವಹಿಯನ್ನು ಚೀಲಕ್ಕೆ ಇಳಿಸಿದರು. "ಇದು ನನ್ನ ಹಂತೇಕ ಇರ್ಲಿ. ಮೊದಲ ನಂಬರ್ ಯಾರು ಅಂತ ನೀವಿಬ್ಬರೂ ಒಂದಾದ ದಿನ ಫೋನ್ ಮಾಡ್ರಿ. ತಂದು ಕೊಡ್ತೇನಿ." ದೊಡ್ಡವರು. ಚೀಲ ಕಸಿದುಕೊಳ್ಳಲು ಬರುವುದಿಲ್ಲ.

ಹದಿನೈದು ದಿನದ ಮೇಲೆ ಸವದತ್ತಿಯಿಂದ ನಾದಿನಿಯ ಫೋನು. ಹಿಂದೆ ಜನರ ಗದ್ದಲ, ಇವಳದು ಪಿಸುಮಾತು.

"ವೈನಿ, ಮಾಸ್ತರ್ರು ನಮ್ಮೂರಾಗ ಭಾಷಣಾ ಮಾಡಾಕತ್ತಾರ. ನಿಮ್ಮ ವಹಿ ಓದಾಕತ್ತಾರ!"

"ಓದಲಿ ಬಿಡವ್ವಾ. ಅವರ ಜೋಕ್ ಅವರು ಓದ್ತಾರ."

"ಜೋಕ್ ಅಲ್ರಿ, ಷರಾ! ನಿಮ್ಮ ಷರಾ ಓದಾಕತ್ತಾರ! 'ರೊಟ್ಟಿ ಹೊತ್ತಿದ್ದು ನಾದಿನಿಯ ಕೈಗುಣದಿಂದ, ನಿನ್ನೆಯೂ ಹೊತ್ತಿತ್ತು' ಅಂತ ಓದಿದ್ರು. ನಮ್ಮ ಓಣಿ ಹೆಣ್ಣಮಕ್ಕಳೆಲ್ಲಾ ಹೊಳ್ಳಿ ನನ್ನ ನೋಡಾಕತ್ತಾರ. ನನ್ನ ಸೊಸಿ ಅಂತೂ ನಕ್ಕು ನಕ್ಕು ಹೊರಗ ಎದ್ದು ಹೋದ್ಲು. ಇನ್ನೂ ಹಾಳಿ ತಿರುವಾಕತ್ತಾರ ವೈನಿ! ಮುಂದ ನಂದು ಏನೇನ್ ಬರದೀರಿ?"

"ಬಾಳ ಏನಿಲ್ಲ. ನಿನ್ನ ಹಾಡಿಂದೊಂದು, ನಿನ್ನ ಸ್ಕೂಟರಿಂದು ಎರಡು."

"ಒಪ್ಪಿದೆ! ವೈನಿ, ಒಪ್ಪಿದೆ! ಮಾಸ್ತರ್ರ ಮೊದಲ ನಂಬರ್. ನಾ ಸೋತೆ. ಈಗಿಂದೀಗ ಅವರಿಗೆ ಫೋನ್ ಮಾಡಿ ವಹಿ ತರಸ್ರಿ!"

ಎಷ್ಟು ವರ್ಷ ಕಾದ ಮಾತು! ದಿನ, ಹೊತ್ತು ಹಾಕಿ ಬರೆದಿಡೋಣವೆಂದು ಪೆನ್ನು ತೆಗೆದು ಕಪಾಟಿಗೆ ಕೈ ಹಾಕಿದೆ. ವಹಿ ಎಲ್ಲಿದೆ? ಮಾಸ್ತರರ ಕೈಯಲ್ಲಿ.

ಮಾಸ್ತರರು ಮಾತಿಗೆ ತಪ್ಪದವರು. ನಾನು ಫೋನು ಮಾಡಿದ ಮೂರನೆಯ ದಿನ ವಹಿ ಮನೆಗೆ ಬಂತು. ಅದರ ಹಿಂದೆಯೇ ಸವದತ್ತಿ ಬಸ್ಸಿಗೆ ನಾದಿನಿಯೂ ಬಂದಳು. ಹೊಸ ಹಾಳೆ ತೆರೆದು, ಪೆನ್ನು ಅವಳ ಮುಂದೆ ಹಿಡಿದೆ.

"ಸಹಿ ಹಾಕವ್ವಾ."

"ಯಾತಕ್ಕ?"

"ಮೊನ್ನೆ ಫೋನಿನ್ಯಾಗ ಒಪ್ಪಿದೆಯಲ್ಲ, ಸೋತೆ ಅಂದೆಯಲ್ಲ."

ನಾದಿನಿ ಚಷ್ಮಾ ಹಾಕಿಕೊಂಡಳು. ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಎರಡು ಹಾಳೆ ಕೂಡಿ ಮಗುಚದಂತೆ ಬೆರಳಿಗೆ ಉಗುಳು ಹಚ್ಚಿಕೊಂಡು, ಒಂದೊಂದಾಗಿ ತಿರುವಿದಳು. ಆಮೇಲೆ ಅದನ್ನು ಮುಚ್ಚಿ ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟಳು.

"ಎಲ್ಲಿ ಬರದೈತಿ, ತೋರಸ್ರಿ ವೈನಿ."