ಹಿತ್ತಿಲಿನ ಕೆಂಬೂತ

ನನ್ನ ಸೋದರಮಾವನಿಗೆ ಮನುಷ್ಯರ ಗುರುತು ಹತ್ತುತ್ತಿರಲಿಲ್ಲ ಎಂದರೆ ನೀವು ನಂಬಬೇಕು! ಮದುವೆಮನೆಯಲ್ಲಿ ಸ್ವಂತ ಬೀಗರನ್ನೇ "ತಾವು ಯಾವ ಕಡೆಯವರು?" ಎಂದು ಕೇಳಿದ ಮಹಾನುಭಾವರು. ಆದರೆ ಹಲಸಿನ ತೊಗಟೆಗೆ ಅಂಟಿಕೊಂಡ ಹಾರುವ ಓತಿ ಮಾತ್ರ ಅವರಿಗೆ ರಸ್ತೆಯ ಆಚೆಯಿಂದಲೇ ಕಾಣುತ್ತಿತ್ತು.

ಈ ಹುಚ್ಚು ಹಿಡಿದದ್ದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ. "ಹೆಸರು ಬಂತು, ಸರಿ. ಇದರಲ್ಲಿ ನಮ್ಮೊಟ್ಟಿಗೆ ಇನ್ನು ಯಾರೆಲ್ಲ ಇದ್ದಾರೆ ಅಂತ ಗೊತ್ತಾಗ್ಬೇಡ್ವಾ ಮಾರಾಯ?" ಎಂದರು. ಕೊಡಿಯಾಲ್‌ಬೈಲಿನ ಅವರ ಹೋಟೆಲಿನಲ್ಲಿ ಗಿರಾಕಿ "ಎಂತ ಉಂಟು?" ಎಂದು ಕೇಳಿದರೆ, "ಹಿಂದೆ ಮುಂಗುಸಿ ಉಂಟು, ಬನ್ನಿ" ಎಂದು ಕೈಹಿಡಿದು ಎಳೆದೊಯ್ಯುವುದೇ! ಗೋಳಿಬಜೆ ತಣ್ಣಗಾಗುತ್ತಿತ್ತು.

ಅವರದೊಂದು ನಿಯಮ: ಕರ್ನಾಟಕದ ಜೀವಿಗಳನ್ನು ಕನ್ನಡದಲ್ಲೇ ಕರೆಯಬೇಕು. ತುಳು ಮಾತನಾಡುವ ಮನೆಯಲ್ಲಿ ಇದು ಸುಲಭವೇ?

ಉರ್ವದ ಮನೆಯ ಹಿತ್ತಿಲಿನಲ್ಲಿ ಒಂದು ಪೊದೆಯಿತ್ತು. ಅದನ್ನು ಕಡಿಸಿ ಬಟ್ಟೆ ಒಗೆಯುವ ಕಲ್ಲು ಹಾಕಿಸಬೇಕೆಂದು ಅತ್ತೆಯ ಹಟ. ಕತ್ತಿ ಹಿಡಿದ ಆಳು ಬಂದೂ ಬಿಟ್ಟ. ಮಾವ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರು: "ಕಡಿಸ್ಬೇಡ. ಅದರಲ್ಲಿ ಕೆಂಬೂತ ಉಂಟು."

ಅತ್ತೆಗೆ ಆ ಹಕ್ಕಿಯ ಕನ್ನಡ ಹೆಸರು ಗೊತ್ತಿಲ್ಲ. ಅವರಿಗೆ ಕೇಳಿಸಿದ್ದು ಭೂತ, ಅದೂ ಕೆಂಪು! ಆಳನ್ನು ವಾಪಸು ಕಳುಹಿಸಿ, ಸಂಜೆ ಪೊದೆಯ ಬುಡಕ್ಕೆ ದೀಪವಿಟ್ಟು ಕೈಮುಗಿದರು. ಮಾವನೇ ದೀಪಕ್ಕೆ ಎಣ್ಣೆ ತಂದುಕೊಟ್ಟರು. ಸಂಜೆಯ ದೀಪ ರೂಢಿಯೇ ಆಯಿತು.

ಆದರೆ ಒಂದು ಬೆಳಿಗ್ಗೆ ಕಂದು ರೆಕ್ಕೆಯ ಕರಿ ಹಕ್ಕಿಯೊಂದು ಪೊದೆಯಿಂದ ಗತ್ತಿನಲ್ಲಿ ನಡೆದು ಬಂತು. ಮಾವನಿಗೆ ಮೈಮೇಲೆ ಪ್ರಜ್ಞೆಯಿದ್ದರೆ ತಾನೆ! "ಬಾ ಬಾ, ನೋಡು, ಕೆಂಬೂತ!" ಎಂದು ಅತ್ತೆಯನ್ನೇ ಕೂಗಿದರು.

"ಇದು ನಮ್ಮ ತುಳುವಿನ ಕುಪ್ಪುಳು ಅಲ್ವಾ ಮಾರಾಯ್ರೆ? ಇಷ್ಟು ದಿನ ನಾನು ದೀಪ ಇಟ್ಟದ್ದು ಕುಪ್ಪುಳಿಗಾ?"

ಅಂದಿನಿಂದ ದೀಪ ನಿಂತಿತು. ಪೊದೆ ಇವತ್ತು ಹೋಯಿತು, ನಾಳೆ ಹೋಯಿತು ಎಂದು ಮಾವನಿಗೆ ಜೀವಭಯ. ಹೋಟೆಲಿನ ಊಟದ ಹೊತ್ತಿನಲ್ಲೂ ಸ್ಕೂಟರು ಹತ್ತಿ ಬಂದು ನೋಡಿಕೊಂಡು ಹೋಗುತ್ತಿದ್ದರು.

ವರ್ಷಗಳ ಮೇಲೆ ಮಾವನ ಕಣ್ಣಿಗೆ ಪೊರೆ ಬಂದು ಆಪರೇಷನ್ನಾಯಿತು. ನಾನು ನೋಡಲು ಹೋದಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಅಲುಗಾಡದೆ ಮಲಗಿದ್ದರು. ಓತಿಗಳನ್ನು ಅಷ್ಟು ದೂರದಿಂದ ಕಾಣುತ್ತಿದ್ದ ಮನುಷ್ಯ!

"ಪೊದೆ ಕಡಿಸಿದ್ಯಾ?" ಎಂದು ಮಾವ ಮೆಲ್ಲಗೆ ಕೇಳಿದರು.

ಅತ್ತೆ ಹಿತ್ತಿಲ ಕಡೆಯ ಕಿಟಕಿಯ ಬಳಿ ನಿಂತಿದ್ದರು. "ಸುಮ್ಮನೆ ಮಲಗಿ. ಈಗ ಮರಿ ಹೊರಗೆ ಬಂತು. ತಾಯಿಯ ಬಾಯಲ್ಲಿ ಹುಳ ಉಂಟು."

"ಯಾರ ಮರಿ?"

"ಮತ್ತೆ ಯಾರದ್ದು?" ಎಂದರು ಅತ್ತೆ. "ನಮ್ಮ ಕೆಂಬೂತದ್ದು."